ವಸಂತನ ಗಾಡಿಯ ಮೊದಲ ಸಾವಿರ ಕಿಲೋಮೀಟರ್

ಹೋದ ವಾರ ಧಾರವಾಡದ ಗ್ಯಾರೇಜ್ ಓಣಿಯೊಳಗೆ ನಡೆದುಕೊಂಡು ಹೊರಟಿದ್ದೆ. ಯಾರೋ ಒಬ್ಬ ಹಳೇ ಬೈಕನ್ನು ಹೊರಗೆ ತಳ್ಳಿ, ನಾಲ್ಕು ಸಲ ಒದ್ದು, ಐದನೇ ಸಲಕ್ಕೆ ಎಬ್ಬಿಸಿದ. ಭುಸ್ಸೆಂದು ನೀಲಿ ಹೊಗೆ ಎದ್ದಿತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಟ್ಟ ಹೊಗೆ ಅದು. ಈಗಿನ ಗಾಡಿಗಳಿಗೆ ಆ ವಾಸನೆಯೇ ಇಲ್ಲ. ಸುತ್ತಲಿದ್ದವರು ಮೂಗು ಮುಚ್ಚಿಕೊಂಡರು. ನಾನು ನಿಂತು ಎದೆ ತುಂಬ ಎಳೆದುಕೊಂಡೆ. ಆಗ ಸಂತೋಷ ಆಗಬೇಕಿತ್ತು. ಆದರೆ ಮೊದಲು ಎಚ್ಚರಾದದ್ದು ಹೊಟ್ಟೆಯೊಳಗಿನ ಸಂಕಟ. ಇಷ್ಟು ವರ್ಷ ಕಳೆದರೂ ಅದು ಸತ್ತಿರಲಿಲ್ಲ.

ನನ್ನನ್ನು ಸಾಕಿದ ಅಜ್ಜಿ ಅದಕ್ಕೆ ‘ಕರುಬು’ ಅನ್ನುತ್ತಿದ್ದಳು. ಹೊಟ್ಟೆಕಿಚ್ಚು ಬೇರೆ, ಕರುಬು ಬೇರೆ ಅಂತ ಅವಳ ವಾದ. ಕಿಚ್ಚು ಉರಿದು ಆರಿಹೋಗುತ್ತದೆ, ಕರುಬು ಮಾತ್ರ ಗೆದ್ದಲಿನಂತೆ ಸದ್ದಿಲ್ಲದೆ ತಿನ್ನುತ್ತದೆ ಅನ್ನುವಳು. ಯಾರದಾದರೂ ಹೊಸ ಅಂಗಿ ನೋಡಿ ನಾನು ಮುಖ ಸಣ್ಣದು ಮಾಡಿಕೊಂಡರೆ, “ಕರುಬಬ್ಯಾಡೋ ಶಾಮಾ, ಮಾರಿ ಕಪ್ಪಾಗತದ” ಎಂದು ಗದರುತ್ತಿದ್ದಳು. ನಮ್ಮ ಕಡೆ ಮುಖಕ್ಕೆ ಮಾರಿ ಅನ್ನುತ್ತಾರೆ. ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ ಪೂರ್ತಿ, ಗುಜರಾತಿನಲ್ಲಿ, ನನ್ನ ಮಾರಿ ಕಪ್ಪಾಗಿಯೇ ಇತ್ತು.

ವಸಂತ ಮತ್ತು ನಾನು ಒಂದೇ ಶಾಲೆ, ಒಂದೇ ಬೆಂಚು. ಇಬ್ಬರೂ ಸರಕಾರಿ ವಿಮಾ ಕಂಪನಿಯೊಂದರ ಪರೀಕ್ಷೆ ಬರೆದು ಒಂದೇ ದಿನ ನೌಕರಿಗೆ ಸೇರಿ, ನಾಲ್ಕು ಊರು ತಿರುಗಿ, ಕೊನೆಗೆ ಅಹಮದಾಬಾದಿನ ಒಂದೇ ಆಫೀಸಿಗೆ ವರ್ಗವಾಗಿ ಎದುರುಬದುರು ಟೇಬಲ್ಲಿಗೆ ಬಂದು ಕೂತಿದ್ದೆವು. ಅವನು ಆರಡಿ ಎತ್ತರ, ನಾನು ಐದಡಿ ಎರಡಂಗುಲ. ಅವನಿಗೆ ಬಂದ ಮೂರು ತಿಂಗಳಲ್ಲಿ ಗುಜರಾತಿ ನಾಲಿಗೆಗೆ ಹತ್ತಿತು. ನಾನು ಮೂರು ವರ್ಷದ ಮೇಲೂ ತರಕಾರಿಯವಳ ಮುಂದೆ ಬೆರಳು ತೋರಿಸುತ್ತಿದ್ದೆ. ಬಡ್ತಿ ಅವನಿಗೆ ಒಂದು ವರ್ಷ ಮೊದಲು ಬಂತು. ಅವನ ಮನೆ ಬೋಡಕ್‌ದೇವ್‌ನ ಹೊಸ ಅಪಾರ್ಟ್‌ಮೆಂಟಿನಲ್ಲಿ, ಗಾಳಿ ಬೆಳಕಿನದು. ನನ್ನದು ಮಣಿನಗರದಲ್ಲಿ, ಸಾಲು ಖೋಲಿಗಳ ಹಳೇ ಕಟ್ಟಡದ ಎರಡನೇ ಮಹಡಿ. ಇಷ್ಟೆಲ್ಲ ಇದ್ದೂ ಅವನು ಒಳ್ಳೆಯವ. ತೊಂದರೆ ಇದ್ದದ್ದೇ ಅಲ್ಲಿ. ಅವನು ಕೆಟ್ಟವನಾಗಿದ್ದರೆ ನನ್ನ ಕರುಬಿಗೆ ಒಂದು ನ್ಯಾಯವಾದರೂ ಇರುತ್ತಿತ್ತು.

ಆ ವರ್ಷ ದೀಪಾವಳಿ ಶುರುವಾಗುವ ಧನತೇರಸದ ದಿನ ವಸಂತ ಒಂದು ಹೊಸ ಬೈಕನ್ನು ಮನೆಗೆ ತಂದ. ಆಗ ಅಂಥ ಗಾಡಿ ಇಡೀ ಅಹಮದಾಬಾದಿನಲ್ಲಿ ಹತ್ತಿಪ್ಪತ್ತು ಇದ್ದವೋ ಇಲ್ಲವೋ. ಎಂಜಿನ್ನು ಸಣ್ಣದೇ, ನೂರು ಸಿಸಿ. ಆದರೆ ಠೀವಿ ನೋಡಬೇಕು! ಡಾಂಬರು ರಸ್ತೆಗೂ ಸೈ, ಕಲ್ಲು ಮಣ್ಣಿನ ಹಾದಿಗೂ ಸೈ ಅನ್ನುವಂಥ ಜಾತಿ. ಮುಂದಿನ ಮಡ್‌ಗಾರ್ಡು ಗಾಲಿಗೆ ಅಂಟಿಕೊಳ್ಳದೆ ಮೇಲೆ ಮೂಗೆತ್ತಿಕೊಂಡು ನಿಂತಿತ್ತು. ಸೈಲೆನ್ಸರು ಕೆಳಗೆ ನೇತಾಡದೆ ಸೀಟಿನ ಪಕ್ಕಕ್ಕೆ ಹತ್ತಿ ಬಂದಿತ್ತು. ಟೈರಿಗೆ ಉಬ್ಬು ಉಬ್ಬು ಹಲ್ಲು. ಸೀಟು ಎಷ್ಟು ಎತ್ತರವೆಂದರೆ ವಸಂತ ಆರಾಮಾಗಿ ಎರಡೂ ಕಾಲು ಊರಿ ಕೂತ. ನಾನು ಪಕ್ಕದಲ್ಲಿ ನಿಂತರೆ ಅದು ನನ್ನ ಎದೆಗೆ ಬಂತೋ ಅನ್ನಿಸಿತು. ಅವನ ಹೆಂಡತಿ ಪದ್ಮಾ ಕುಂಕುಮ ಹಚ್ಚಿ ಆರತಿ ಮಾಡಿದಳು. ಗಾಲಿಯ ಕೆಳಗಿಟ್ಟ ನಿಂಬೆಹಣ್ಣು ಪಿಚಕ್ಕೆಂದಿತು. ಎರಡನೇ ಕ್ಲಾಸಿನಲ್ಲಿದ್ದ ನನ್ನ ಮಗಳು, ಮನೆಯಲ್ಲಿ ಕನ್ನಡ ಮಾತಾಡು ಎಂದು ಎಷ್ಟು ಹೇಳಿದರೂ ಅರ್ಧ ಗುಜರಾತಿ ಬೆರೆಸುವವಳು, ಚಪ್ಪಾಳೆ ತಟ್ಟಿ, “ಅಪ್ಪಾ, ವಸಂತಕಾಕಾನ ಗಾಡಿ ಬಹು ಸರಸ್ ಛೇ, ಭಾಳ ಛಂದ ಅದ! ನಮ್ಮದು ಯಾಕ ಹಂಗಿಲ್ಲ?” ಅಂದಳು.

ನಮ್ಮದು ಎಡಕ್ಕೆ ಬಗ್ಗಿಸಿ, ಮುದ್ದು ಮಾಡಿ, ಬೈದು, ಒದ್ದರೆ ಮಾತ್ರ ಏಳುವ ಸ್ಕೂಟರು. ಅವತ್ತು ಮನೆಗೆ ವಾಪಸ್ಸಾಗುವಾಗ ಅದೂ ಏಳಲಿಲ್ಲ. ವಸಂತನೇ ತಳ್ಳಿಕೊಟ್ಟ.

ಅವನು ಆ ಗಾಡಿಯನ್ನು ಹಸುಗೂಸಿನಂತೆ ನೋಡಿಕೊಂಡ. ಹೊಸ ಗಾಡಿಗೆ ಮೊದಲ ಸಾವಿರ ಕಿಲೋಮೀಟರ್ ‘ರನ್ನಿಂಗ್’ ಅನ್ನುತ್ತಿದ್ದರಲ್ಲ, ಆ ಪಥ್ಯ. ನನಗೂ ಪಾಠ ಹೇಳಿದ: “ನೋಡಲೇ ಶಾಮ್ಯಾ, ಹೊಸಾ ಎಂಜಿನ್ನಿನ ಒಳಗ ಪಿಸ್ಟನ್ನು, ಅದಕ್ಕ ಸುತ್ತಿದ ರಿಂಗು, ಸಿಲಿಂಡರಿನ ಗೋಡಿ, ಇವೆಲ್ಲಾ ಹೊಸಾ ಬೀಗರಿದ್ದಂಗ. ಇನ್ನೂ ಒಬ್ಬರಿಗೊಬ್ಬರು ಹೊಂದಿಕೊಂಡಿರಂಗಿಲ್ಲ. ನಾಲ್ವತ್ತರ ಮ್ಯಾಲೆ ಹೋಗಬಾರದು. ಅವಸರ ಮಾಡಿದ್ರ ಕಾದು ಹಿಡಕೊಂಡುಬಿಡ್ತದ. ಆಮ್ಯಾಲೆ ಜನ್ಮಪೂರ್ತಿ ಕೆಮ್ಮಕೋತ ಓಡತದ.” ಪದ್ಮಾಳ ಉಗುರಿನ ಬಣ್ಣ ತಂದು ಸ್ಪೀಡೋಮೀಟರಿನ ಗಾಜಿನ ಮೇಲೆ, ನಲವತ್ತರ ಹತ್ತಿರ, ಕೆಂಪು ಗೆರೆಯನ್ನೂ ಎಳೆದ. ಮುಳ್ಳು ಆ ಗೆರೆ ಮುಟ್ಟುವಂತಿರಲಿಲ್ಲ.

ತುಳಸಿ ಲಗ್ನ ಮುಗಿದ ಮಾರನೇ ದಿನ, ಬಾಲ್ಕನಿಗೆ ಕಟ್ಟಿದ ಆಕಾಶಬುಟ್ಟಿ ಬಿಚ್ಚಲು ಸ್ಟೂಲು ಹತ್ತಿದ ವಸಂತ ಬುಟ್ಟಿಯ ಸಮೇತ ಕೆಳಗೆ ಬಿದ್ದ. ಬಲಭುಜದ ಎಲುಬು ಮುರಿಯಿತು. ಕೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ. ಎರಡು ತಿಂಗಳು ಗಾಡಿ ಮುಟ್ಟಬಾರದು ಎಂದರು ಡಾಕ್ಟರು. ಗಾಡಿ ಆಗ ಓಡಿದ್ದು ನೂರಾ ಅರವತ್ತು ಕಿಲೋಮೀಟರ್.

ನೋಡಲು ಹೋದೆ. ಬಾಯಲ್ಲಿ “ಅಯ್ಯೋ” ಅಂದೆ, ಮನಸಾರೆ ಅಂದೆ. ಆದರೆ ಮನಸ್ಸಿನ ಯಾವುದೋ ಮೂಲೆಯಲ್ಲಿ ಯಾರೋ ಸಣ್ಣಗೆ ಸೀಟಿ ಹೊಡೆದದ್ದೂ ಖರೆ. ಇದನ್ನು ಮುಚ್ಚಿಟ್ಟು ಉಳಿದದ್ದು ಹೇಳಿದರೆ ಪ್ರಯೋಜನವಿಲ್ಲ.

ವಸಂತ ಎಡಗೈಯಿಂದ ದಿಂಬಿನ ಕೆಳಗಿನ ಕೀಲಿಕೈ ತೆಗೆದು ನನ್ನ ಮುಂದೆ ಹಿಡಿದ. “ಹೊಸಾ ಗಾಡಿ ನಿಂದ್ರಿಸಬಾರದೋ. ನೀ ಓಡಸು. ರನ್ನಿಂಗ್ ಮುಗಿಸಿ ಕೊಡು.”

“ನಾನಾ? ನನ್ನ ಕಾಲು ನೆಲಕ್ಕ ಮುಟ್ಟಂಗಿಲ್ಲೋ.”

“ತುದಿಗಾಲ ಮ್ಯಾಲೆ ನಿಂದ್ರು. ಪದ್ಮಾನ ತಮ್ಮಗ ಕೊಟ್ರ ಎರಡ ದಿನದಾಗ ಹಾರಿಸಿಬಿಡ್ತಾನ. ನೀ ಹಂಗ ಮಾಡಂಗಿಲ್ಲ. ನೀ ಅಂದ್ರ ನಾ ಇದ್ದಂಗ.”

ಕೀಲಿಕೈ ಬೆಚ್ಚಗಿತ್ತು. ತಗೊಂಡೆ. ಮೆಟ್ಟಿಲಿಳಿಯುವಾಗ ಖುಷಿಗೆ ಹಾಡಬೇಕೆನ್ನಿಸಿತು. ಕೆಳಗೆ ಬಂದು ಗಾಡಿಯ ಮುಂದೆ ನಿಂತಾಗ ಖುಷಿ ಅರ್ಧ ಇಳಿಯಿತು. ಇನ್ನೊಬ್ಬರ ಹೋರಿಗೆ ನೊಗ ಕಲಿಸುವ ಕೆಲಸ ಇದು. ಕಲಿಸುವವರೆಗೆ ನನ್ನದು, ಕಲಿತ ಮೇಲೆ ಅವನದು.

ಮೂರು ವಾರ ಊರೊಳಗೆ ಓಡಿಸಿದೆ. ಸಿಗ್ನಲ್ಲಿನಲ್ಲಿ ಒಂದು ಕಾಲಿನ ಹೆಬ್ಬೆರಳು ಊರಿ, ಗಾಡಿಯನ್ನು ವಾರೆ ಮಾಡಿ, ಕೊಕ್ಕರೆಯಂತೆ ನಿಲ್ಲುತ್ತಿದ್ದೆ. ಕೆಲಸದ ಮೇಲೆ ವಟ್ವಾಕ್ಕೆ ಹೋಗುವುದಿರುತ್ತಿತ್ತು. ಬೆಂಕಿ ಬಿದ್ದ, ನೀರು ನುಗ್ಗಿದ ಕಾರ್ಖಾನೆಗಳನ್ನು ನೋಡಿ ವರದಿ ಬರೆಯುವುದು ನಮ್ಮ ಉದ್ಯೋಗ. ವಟ್ವಾದಲ್ಲಿ ಬಣ್ಣದ ಕಾರ್ಖಾನೆಗಳು. ಅಲ್ಲಿಯ ಗಟಾರದ ನೀರು ಒಂದು ದಿನ ಹಳದಿ, ಒಂದು ದಿನ ಗುಲಾಬಿ, ಬೀದಿನಾಯಿಗಳೂ ನೇರಳೆ ಬಣ್ಣದವು. ಗೇಟಿನ ಕಾವಲಿನವನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ: “ಸಾಹೇಬ್, ಗಾಡೀ ಕೋನೀ ಛೇ?” ಯಾರದು ಅಂತ.

ಸ್ನೇಹಿತನದು ಅನ್ನುವಷ್ಟು ಗುಜರಾತಿ ನನಗೆ ಬರುತ್ತಿತ್ತು. ಆದರೆ ಬಾಯಿಂದ ಬಂದದ್ದು, “ಮಾರೀ ಛೇ.” ನನ್ನದು.

ಹೇಳಿದ ಮೇಲೆ ನನಗೇ ಕೇಳಿಸಿತು. ಗುಜರಾತಿಯವನ ಕಿವಿಗೆ ಅದು ‘ನನ್ನದು’. ಧಾರವಾಡದವನ ಕಿವಿಗೆ ಅದು ಮಾರಿ, ಮತ್ತು ಛೇ. ನನ್ನ ಮಾರಿಗೆ ನಾನೇ ಛೇ ಅಂದುಕೊಂಡಂತಾಯಿತು. ಆದರೂ ಮುಂದಿನ ಗೇಟಿನಲ್ಲಿ ಕೇಳಿದಾಗ ಮತ್ತೆ ಅದನ್ನೇ ಹೇಳಿದೆ. ಮೂರನೇ ಗೇಟಿನಲ್ಲಿ ಯಾರೂ ಕೇಳಲಿಲ್ಲ, ನಾನಾಗಿಯೇ ಹೇಳಿದೆ.

ದಿನಾ ಸಂಜೆ ಗಾಡಿಯನ್ನು ಬೋಡಕ್‌ದೇವ್‌ಗೆ ಒಯ್ದು ಬಿಟ್ಟು ಬಸ್ಸು ಹಿಡಿದು ಮಣಿನಗರಕ್ಕೆ ಬರುತ್ತಿದ್ದೆ. ಬೆಳಿಗ್ಗೆ ಮತ್ತೆ ಬಸ್ಸಿಗೆ ಹೋಗಿ ತರುತ್ತಿದ್ದೆ. “ನಿಮ್ಮ ಮನೀ ಮುಂದ ಇಟಗೋ” ಎಂದು ಅವನು ಎಷ್ಟು ಸಲ ಹೇಳಿದರೂ ಒಪ್ಪಲಿಲ್ಲ. ಮನೆಯ ಮುಂದೆ ನಿಂತರೆ ಅದು ನನ್ನದಲ್ಲ ಅನ್ನುವುದು ಓಣಿಗೆಲ್ಲ ಗೊತ್ತು. ನನ್ನ ಹೆಂಡತಿ ಸುಮಿತ್ರಾ ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದಳು. ಒಂದು ದಿನ ರೊಟ್ಟಿ ಬಡಿಯುತ್ತ, “ಗಾಡಿ ವಸಂತಣ್ಣಂದು, ಕೈ ಮುರದದ್ದು ವಸಂತಣ್ಣಂದು. ನಿಮಗ್ಯಾಕ್ರಿ ನಿದ್ದಿ ಬರವಲ್ದು?” ಅಂದಳು.

ಡಿಸೆಂಬರಿನ ನಡುವೆ ಬರೋಡಾದ ಒಂದು ಗೋದಾಮು, ಸೂರತ್ತಿನ ಒಂದು ಮಗ್ಗದ ಶೆಡ್ಡು ನೋಡಿಬರುವ ಕೆಲಸ ಬಂತು. ಯಾವಾಗಲೂ ರೈಲಿಗೆ ಹೋಗುವ ದಾರಿ. ವಸಂತನೇ ಹೇಳಿದ: “ಗಾಡಿ ತಗೊಂಡು ಹೋಗು. ಊರಾಗ ನಿಂದ್ರಸಕೋತ ಓಡಿಸಿದ್ರ ರನ್ನಿಂಗ್ ಛಲೋ ಆಗಂಗಿಲ್ಲ. ಹೋಗಿ ಬರೋದ್ರಾಗ ಸಾವಿರದ ಹತ್ತರಹತ್ತರ ಆಗತದ. ಬಿಸಲಾದಾಗ ನಡುವ ನಿಂದ್ರಿಸಿ ಆರಲಿಕ್ಕೆ ಬಿಡು. ಮತ್ತ...” ಎಂದು ಎಡಗೈಯ ನಾಲ್ಕು ಬೆರಳು ತೋರಿಸಿದ. ನಾಲ್ವತ್ತು.

ಆ ಹೈವೇಯಲ್ಲಿ ನಲವತ್ತರಲ್ಲಿ ಹೋಗುವುದೆಂದರೆ ಏನೆಂದು ಅನುಭವಿಸಿದವನಿಗೇ ಗೊತ್ತು. ಬೆಳಗಿನ ಚಳಿ; ಸ್ವೆಟರಿನ ಒಳಗೆ ಹಳೇ ದಿನಪತ್ರಿಕೆ ಮಡಚಿ ಎದೆಗೆ ಇಟ್ಟುಕೊಂಡಿದ್ದೆ. ಹಲ್ಲಿನ ಟೈರು ಡಾಂಬರಿನ ಮೇಲೆ ಗೊಂಯ್ ಎಂದು ಒಂದೇ ರಾಗ ಎಳೆಯುತ್ತಿತ್ತು. ಲಾರಿಗಳು ದಾಟಿದವು, ಬಸ್ಸು ದಾಟಿದವು, ಅದು ಇರಲಿ. ಆಣಂದದ ಹತ್ತಿರ, ಎರಡೂ ಕಡೆ ಹಾಲಿನ ಕ್ಯಾನು ನೇತುಹಾಕಿದ ಒಬ್ಬ ಮುದುಕ ಮೊಪೆಡ್ಡಿನ ಮೇಲೆ ಬಂದು ನನ್ನನ್ನು ದಾಟಿ ಹೋದ. ಹೋಗುವಾಗ ತಿರುಗಿ, ಪಾಪ, ಮರುಕದಿಂದ ನೋಡಿದ. ಕುದುರೆಯ ಹಾಗೆ ಮೂಗೆತ್ತಿದ ಗಾಡಿ, ಅದರ ಮೇಲೆ ನಾನು, ಕೆಂಪು ಗೆರೆಯ ಕೆಳಗೆ ನಡುಗುವ ಮುಳ್ಳು. ಅಂಥ ಗಾಡಿಯ ಮೇಲೆ ಕೂತು ಆಸೆಪಡುವುದಕ್ಕಿಂತ ಅದನ್ನು ದೂರದಿಂದ ನೋಡಿ ಆಸೆಪಡುವುದೇ ಸುಖವಾಗಿತ್ತು.

ಬರೋಡಾದಲ್ಲಿ ಕೆಲಸ ಮುಗಿಸಿ, ಲಾಜಿನಲ್ಲಿ ಉಳಿದು, ಮರುದಿನ ಬಿಸಿಲು ಏರುವ ಹೊತ್ತಿಗೆ ಭರೂಚಿನ ಹತ್ತಿರ ನರ್ಮದೆ ದಾಟಿದೆ. ಮುಂದೆ ಕಬ್ಬಿನ ಸೀಮೆ. ಎರಡೂ ಬದಿ ಕಬ್ಬು, ನಡುವೆ ನೇರವಾದ ರಸ್ತೆ, ಟ್ರಾಕ್ಟರಿನಿಂದ ಬಿದ್ದ ಕಬ್ಬಿನ ಸಿಪ್ಪೆ. ಹಿಂದಿನಿಂದ ಒಂದು ಸ್ಕೂಟರು ಬಂತು, ಕಾಲೇಜಿನ ಹುಡುಗಿಯರಿಬ್ಬರು, ಮುಖಕ್ಕೆ ದುಪಟ್ಟಾ ಸುತ್ತಿಕೊಂಡವರು. ಪಕ್ಕಕ್ಕೆ ಬಂದು ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು. ಹಿಂದೆ ಕೂತವಳು ಕೂಗಿದಳು: “ಕಾಕಾ, ಧಕ್ಕೋ ಮಾರೂಂ?” ದೂಡಲೇನು ಕಾಕಾ ಅಂತ! ಇಬ್ಬರೂ ಕಿಲಕಿಲ ನಕ್ಕು ಹೋಗೇಬಿಟ್ಟರು.

ಆಗ ನನ್ನ ಕೈ ರೇಸ್ ತಿರುವಿತು.

ಹುಡುಗಿಯರ ಮೇಲಿನ ಸಿಟ್ಟಿಗೆ ಅಂದರೆ ನೀವು ನಂಬಬಹುದು, ನಾನೂ ನಂಬಬಹುದು. ಆದರೆ ಅದಲ್ಲ. ಮುಳ್ಳು ಕೆಂಪು ಗೆರೆ ದಾಟುತ್ತಿದ್ದಂತೆ ನನ್ನ ಬಾಯಲ್ಲಿ ಒಂದು ಮಾತು ಬಂತು, ಸ್ಪಷ್ಟವಾಗಿ, ಗಾಳಿಗೆ ಕೇಳುವಷ್ಟು ಗಟ್ಟಿಯಾಗಿ: “ಕೆಡಲಿ.”

ಐವತ್ತು. ಅರವತ್ತು. ಅಲ್ಲಿಯವರೆಗೆ ಗುರುಗುಟ್ಟುತ್ತಿದ್ದ ಎಂಜಿನ್ನು ಅರವತ್ತರ ಮೇಲೆ ಒಮ್ಮೆಗೇ ನಯವಾಯಿತು. ಗಂಟಲು ಬಿಚ್ಚಿ ಹಾಡುವವನಂತೆ ಒಂದೇ ಎತ್ತರದ ಸ್ವರ. ಎದೆಯ ಮೇಲಿನ ಪತ್ರಿಕೆ ಪಟಪಟ ಬಡಿಯಿತು. ಕಣ್ಣಲ್ಲಿ ನೀರು. ಸ್ಕೂಟರನ್ನು ದಾಟಿದ್ದು ಯಾವಾಗಲೋ ತಿಳಿಯಲಿಲ್ಲ. ಎಪ್ಪತ್ತೆರಡಕ್ಕೆ ಮುಳ್ಳು ನಿಂತಿತು, ಅಲ್ಲೇ ಹಿಡಿದೆ. ಹತ್ತು ಕಿಲೋಮೀಟರೋ, ಹನ್ನೆರಡೋ. ಅಷ್ಟು ದೂರ ಅದು ಪೂರ್ತಿ ನನ್ನದಾಗಿತ್ತು. ಅಷ್ಟು ದೂರವೂ ನಾನು ಅದು ಕೆಡಲಿ ಎಂದೇ ಬಯಸುತ್ತಿದ್ದೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎಂದು ಕೇಳಬೇಡಿ.

ಆಮೇಲೆ ಕಾದ ಕಬ್ಬಿಣದ ವಾಸನೆ ಬಂತು. ಕೈ ತಾನಾಗಿ ಸಡಿಲಾಯಿತು. ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಎಂಜಿನ್ನು ಟಿಕ್ ಟಿಕ್ ಟಿಕ್ ಎಂದು ಆರುವ ಸದ್ದು. ಜ್ವರ ಬಂದ ಕೂಸಿನ ಹಣೆ ಮುಟ್ಟುವಂತೆ ಮುಟ್ಟಲು ಹೋಗಿ ಕೈ ಸುಟ್ಟುಕೊಂಡೆ. ದಿಂಬಿನ ಕೆಳಗಿಂದ ಕೀಲಿಕೈ ತೆಗೆದುಕೊಟ್ಟ ವಸಂತನ ಎಡಗೈ ಕಣ್ಣ ಮುಂದೆ ಬಂತು. “ನೀ ಅಂದ್ರ ನಾ ಇದ್ದಂಗ.” ಅರ್ಧ ಗಂಟೆ ಕಬ್ಬಿನ ಹೊಲ ನೋಡುತ್ತ ಕೂತೆ.

ಸೂರತ್ತಿನಲ್ಲಿ ಕೆಲಸ ಮುಗಿಸಿ ತಾಪಿ ದಾಟಿ ಅಡಾಜಣ್‌ಗೆ ಬಂದೆ. ನದಿಯ ಬದಿಗೆ ಚಳಿಗಾಲದಲ್ಲಿ ಪೋಂಕ್ ಮಾರುತ್ತಾರೆ. ಹಾಲುಗಾಳಿನ ಜೋಳದ ತೆನೆ ಸುಟ್ಟು, ಬಡಿದು, ಬಿಸಿಬಿಸಿ ಹಸಿರು ಕಾಳು. ನಮ್ಮ ಸೀತನಿಯೇ ಅದು. ಆರು ವರ್ಷದಿಂದ ಬಾಯಿಗೆ ಬಿದ್ದಿರದ ಊರಿನ ರುಚಿ. ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡೆ, ಮಣ್ಣು ಅಗಿದಂತಾಯಿತು. ವಸಂತನಿಗೂ ಒಂದು ಪೊಟ್ಟಣ ಕಟ್ಟಿಸಿದೆ. ತಪ್ಪು ಮಾಡಿದವನು ತಿಂಡಿ ಒಯ್ಯುತ್ತಾನೆ, ನೋಡಿ.

ಮರುದಿನ ನಸುಕಿಗೇ ಹೊರಟು ವಾಪಸ್ಸು ಬರುವಾಗ ಮೂವತ್ತೈದು ದಾಟಲಿಲ್ಲ. ಆದರೆ ಎಂಜಿನ್ನಿನ ಸದ್ದು ಬೇರೆಯಾದಂತೆ ಕೇಳಿಸುತ್ತಿತ್ತು. ಮೊದಲಿದ್ದ ಬಿಗಿ ಇರಲಿಲ್ಲ, ಏನೋ ಸಡಿಲಾದ ಹಾಗೆ. ಬರೋಡಾದಲ್ಲಿ ತಡೆಯದೆ ಒಂದು ಗ್ಯಾರೇಜಿಗೆ ನುಗ್ಗಿಸಿದೆ. ಮೆಕ್ಯಾನಿಕ್ಕು ಜಯಂತಿಭಾಯಿ, ಅರವತ್ತು ದಾಟಿದವನು, ಕಿವಿಗೆ ಬೀಡಿ ಸಿಕ್ಕಿಸಿಕೊಂಡಿದ್ದ. ನಾನು ಏನೂ ಹೇಳದೆ “ಜರಾ ದೇಖೋ” ಎಂದಷ್ಟೇ ಅಂದೆ. ಅವನು ಒದ್ದು ಎಬ್ಬಿಸಿದ, ರೇಸ್ ಕೊಟ್ಟ, ಬಿಟ್ಟ, ಮತ್ತೆ ಕೊಟ್ಟ. ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದ. ತಲೆ ಆಡಿಸಿದ.

“ಕೌನ್ ಚಲಾಯಾ? ಆಪ್ ನೇ?” ಓಡಿಸಿದ್ದು ಯಾರು, ನೀವೇನಾ ಅಂತ.

“ಹಾಂ.”

“ತಭೀ,” ಅಂದ. ಅದಕ್ಕೇ ಹೀಗೆ, ಅಂತ. ಆಮೇಲೆ ಕೈ ಒರೆಸಿಕೊಳ್ಳುತ್ತ, “ರಿಂಗ್ ಬೈಠ್ ಗಯೀ ಸಾಹೇಬ್. ಪೂರೀ ಬೈಠ್ ಗಯೀ.”

ಬೈಠ್ ಗಯೀ ಅಂದರೆ ಕೂತಿತು. ನಮ್ಮ ಕಡೆ ಗೋಡೆ ಕೂತಿತು ಅಂದರೆ ಕುಸಿಯಿತು, ಧಂದೆ ಕೂತಿತು ಅಂದರೆ ಮುಳುಗಿತು, ಪಂಪು ಕೂತಿತು ಅಂದರೆ ಸತ್ತಿತು. ರಿಂಗು ಕೂತಿದೆಯಂತೆ. ಪೂರ್ತಿ ಕೂತಿದೆಯಂತೆ.

“ಕುಛ್ ಕರ್ ಸಕತೇ ಹೈಂ?” ಏನಾದರೂ ಮಾಡಲಾದೀತೇ ಎಂದು ಕೇಳಿದೆ.

“ಅಬ್ ಕ್ಯಾ ಕರ್‌ನಾ? ಜೋ ಹೋನಾ ಥಾ, ಹೋ ಗಯಾ.” ಇನ್ನೇನು ಮಾಡೋದು, ಆಗೋದು ಆಯಿತು ಎಂದು ಕಿವಿಯ ಬೀಡಿ ತೆಗೆದು ಹಚ್ಚಿದ.

ಬರೋಡಾದಿಂದ ಅಹಮದಾಬಾದು ನೂರಾ ಹತ್ತು ಕಿಲೋಮೀಟರ್. ಅಷ್ಟು ದೂರವೂ ಒಂದು ಸುಳ್ಳು ಕಟ್ಟುತ್ತ ಬಂದೆ. ಗಾಡಿ ಕಾರ್ಖಾನೆಯಿಂದಲೇ ಹಾಗೆ ಬಂದಿತ್ತು ಅನ್ನಲೇ? ಪೆಟ್ರೋಲಿನಲ್ಲಿ ಕಲಬೆರಕೆ ಇತ್ತು ಅನ್ನಲೇ? ವಸಂತ ನಂಬುತ್ತಿದ್ದ. ಏನು ಹೇಳಿದರೂ ನಂಬುತ್ತಿದ್ದ, ಅದಕ್ಕೇ ಒಂದು ಸುಳ್ಳೂ ಪೂರ್ತಿಯಾಗಲಿಲ್ಲ. ಇದು ತಿಳಿದರೆ ಅವನು ನನ್ನ ಮುಖ ನೋಡುವುದಿಲ್ಲ ಅನ್ನುವುದೂ ಖಾತ್ರಿಯಿತ್ತು. ಗುರುತಿನ ಕನ್ನಡದವರು ಆರು ಮಂದಿಯೂ ಇಲ್ಲದ ಆ ಊರಿನಲ್ಲಿ ನನಗಿದ್ದವನು ಅವನೊಬ್ಬ.

ಬೋಡಕ್‌ದೇವ್ ತಲುಪಿದಾಗ ಮಧ್ಯಾಹ್ನದ ಚಹಾದ ಹೊತ್ತು. ವಸಂತ ಬಾಲ್ಕನಿಯಲ್ಲೇ ಕಾಯುತ್ತಿದ್ದ. ಪದ್ಮಾ, “ಬರ್ರಿ ಶಾಮಣ್ಣಾ, ಕೂಡ್ರಿ, ಎಷ್ಟ ದಣದೀರಿ” ಎಂದು ಒಳಗೆ ಹೋದಳು. ನಾನು ಕೂಡಲಿಲ್ಲ. ಕೀಲಿಕೈ ಮತ್ತು ಸೀತನಿಯ ಪೊಟ್ಟಣ ಟೀಪಾಯಿಯ ಮೇಲಿಟ್ಟೆ.

“ವಸಂತಾ, ಗಾಡಿ ಕೆಡಿಸೀನಿ.”

“ಬಿದ್ಯಾ? ನಿನಗೇನಾತು?” ಎಂದು ಎದ್ದೇಬಿಟ್ಟ.

“ನಾ ಬಿದ್ದಿಲ್ಲ. ನಾಲ್ವತ್ತು ದಾಟಿದೆ. ಎಪ್ಪತ್ತೆರಡಕ್ಕ ಹೋದೆ. ಬರೋಡಾದಾಗ ತೋರಿಸಿದೆ, ರಿಂಗ್ ಕೂತುಬಿಟ್ಟಾವಂತ.” ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. “ಮತ್ತ ನಾ ತಪ್ಪಿ ಓಡಿಸಿದ್ದಲ್ಲೋ. ಕೆಡಲಿ ಅಂತ ಓಡಿಸಿದೆ. ನಿನ್ನ ಗಾಡಿ ನೋಡಿದ್ರ ನನಗ ತಡಕೊಳ್ಳಲಿಕ್ಕೆ ಆಗವಲ್ದು.”

ಒಳಗೆ ಚಹಾದ ಪಾತ್ರೆಯ ಸದ್ದು ನಿಂತಿತು.

ಎದ್ದಿದ್ದ ವಸಂತ ಮತ್ತೆ ಕೂತ. ಆಮೇಲೆ ಕೇಳಿದ: “ಅವ ಏನಂದಾ? ಅವನ ಮಾತಿನಾಗ ಹೇಳು.”

“ರಿಂಗ್ ಬೈಠ್ ಗಯೀ, ಪೂರೀ ಬೈಠ್ ಗಯೀ ಅಂದ. ಆಗೋದು ಆಗಿಹೋತು ಅಂದ.”

ವಸಂತನ ಮೀಸೆ ಅಲುಗಿತು. ಭುಜ ಅಲುಗಿತು. “ಅಯ್ಯೋ” ಎಂದು ಜೋಳಿಗೆಯ ಕೈ ಹಿಡಿದುಕೊಂಡು ನಗತೊಡಗಿದ. “ಲೇ ಹುಚ್ಚಾ! ಬೈಠ್ ಗಯೀ ಅಂದ್ರ ಕೆಟ್ಟಾವ ಅಂತಲ್ಲೋ! ರಿಂಗು ಸಿಲಿಂಡರಿಗೆ ಹೊಂದಿಕೊಂಡು ಗಟ್ಟ್ಯಾಗಿ ಕೂತಾವ ಅಂತ! ರನ್ನಿಂಗ್ ಮುಗೀತು, ಛಲೋ ಮುಗೀತು ಅಂತ! ಅವ ನಿನ್ನ ಹೊಗಳ್ಯಾನಲೇ, ಹೊಗಳ್ಯಾನ! ಪದ್ಮಾ, ಬಾರ ಇಲ್ಲೆ, ಕೇಳು!” ಪದ್ಮಾ ಬಾಗಿಲಿಗೆ ಬಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನೂ ನಕ್ಕೆ, ಅಳುವುದಕ್ಕಿಂತ ಸ್ವಲ್ಪ ಬೇರೆಯಾಗಿ. ಗಾಡಿ ಉಳಿದಿತ್ತು.

ನಗು ಮುಗಿಯಿತು. ನಗು ಮುಗಿದ ಮೇಲೆ ನಾನು ಆಡಿದ ಮಾತು ಅಲ್ಲೇ ಟೀಪಾಯಿಯ ಮೇಲೆ ಇತ್ತು. ಕೆಡಲಿ. ವಸಂತ ಅದನ್ನು ಕೇಳುತ್ತಾನೆ, ಬೈಯುತ್ತಾನೆ ಎಂದು ತಲೆ ತಗ್ಗಿಸಿ ನಿಂತೆ.

ಅವನು ಕೇಳಿದ್ದು ಬೇರೆ. ಕಿಟಕಿಯ ಹೊರಗೆ ನೋಡುತ್ತ, ಮೆಲ್ಲಗೆ ಕೇಳಿದ: “ಎಪ್ಪತ್ತೆರಡು?”

“ಹೂಂ.”

“ಹೆಂಗಿತ್ತು?”

ನಾನು ತಲೆಯೆತ್ತಿ ಅವನ ಮುಖ ನೋಡಿದೆ. ಬೆಂಚಿನ ಪಕ್ಕದಲ್ಲಿ, ಟೇಬಲ್ಲಿನ ಎದುರಿನಲ್ಲಿ, ಮೂವತ್ತು ವರ್ಷ ನೋಡಿದ ಮುಖ. ಅಂಥ ಚಹರೆ ಅದರ ಮೇಲೆ ಒಮ್ಮೆಯೂ ಕಂಡಿರಲಿಲ್ಲ. ಆದರೆ ಆ ಚಹರೆಯ ಪರಿಚಯ ನನಗಿತ್ತು. ದಿನಾ ಗಡ್ಡ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ನೋಡುತ್ತಿದ್ದೆ.

ಏನಿಲ್ಲೋ, ಬರೇ ನಡುಗತದ ಅನ್ನಬೇಕಿತ್ತು. ಒಳ್ಳೆಯ ಗೆಳೆಯ ಹಾಗನ್ನುತ್ತಿದ್ದ. ನಾನು ಹೇಳಿದೆ, ಪೂರ್ತಿ ಹೇಳಿದೆ. ಅರವತ್ತರ ಮೇಲೆ ನಡುಕ ನಿಂತು ಎಂಜಿನ್ನು ಹಾಡುವುದು, ಮುಂದಿನ ಗಾಲಿ ಹಗುರಾಗುವುದು, ಕಬ್ಬಿನ ಹೊಲಗಳು ಎರಡು ಹಸಿರು ಗೆರೆಯಾಗಿ ಹಿಂದಕ್ಕೆ ಹರಿಯುವುದು. ಕೈ ಆಡಿಸಿ ಆಡಿಸಿ ಹೇಳಿದೆ. ನನ್ನ ಬಳಿ ಇದ್ದದ್ದು, ಅವನ ಬಳಿ ಇಲ್ಲದ್ದು, ಆಯುಷ್ಯದಲ್ಲಿ ಅದೊಂದೇ.

“ಸಾವಿರ ಮುಗೀಲಿ, ಕೈ ನೆಟ್ಟಗಾಗಲಿ ಅಂತ ದಿನಾ ಈ ಬಾಲ್ಕನ್ಯಾಗ ಕೂತು ಎಣಿಸ್ತಿದ್ದೆ,” ಅಂದ ವಸಂತ. “ಮೊದಲನೇ ಸಲಾ ರೇಸ್ ಕೊಡೋದು ನಂದಿತ್ತು.” ಆಮೇಲೆ ಕೀಲಿಕೈ ಎತ್ತಿ ಜೇಬಿಗೆ ಹಾಕಿಕೊಂಡ. “ಇರಲಿ ಬಿಡ್ರಿ ಶಾಮರಾವ್. ಚಾ ತಗೋರಿ.”

ಬಿಡ್ರಿ. ತಗೋರಿ. ಶಾಮರಾವ್.

ಅವನು ಹೊಡೆದಿದ್ದರೆ ಒಳ್ಳೆಯದಿತ್ತು. ಮರುದಿನದಿಂದ ಆಫೀಸಿನಲ್ಲಿ “ನಮಸ್ಕಾರ್ರಿ” ಶುರುವಾಯಿತು. “ಫೈಲ್ ನೋಡಿದ್ರೇನು?” “ಊಟಾತ್ರೇನು?” ಗುಜರಾತಿ ಸಹೋದ್ಯೋಗಿಗಳಿಗೆ ಏನೂ ವ್ಯತ್ಯಾಸ ಕೇಳಿಸಲಿಲ್ಲ. ನನಗೆ ಒಂದೊಂದು ‘ರಿ’ಯೂ ಗುಂಡುಸೂಜಿ. ಸುಮಿತ್ರಾ ಒಂದು ದಿನ ಫೋನೆತ್ತಿ ಕೇಳಿಸಿಕೊಂಡು, “ಶಾಮರಾವ್ ಅದಾರೇನ್ರಿ ಅಂತ ಕೇಳಲಿಕ್ಕತ್ತಾರ. ಯಾರೋ ಬ್ಯಾಂಕಿನವರು ಅಂತ ಮಾಡಿದ್ದೆ, ನೋಡಿದ್ರ ವಸಂತಣ್ಣ!” ಎಂದು ನನ್ನ ಮುಖ ನೋಡಿದಳು. ಅಂದೇ ಅವಳಿಗೆ ಎಲ್ಲ ಹೇಳಿದೆ. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. “ಹೋಗಿ ಕ್ಷಮಾ ಕೇಳ್ರಿ” ಅಂದಳು. ಎರಡು ಸಲ ಕೇಳಿದೆ. ಎರಡು ಸಲವೂ, “ಅಯ್ಯ, ಅದಕ್ಯಾಕ್ರಿ?” ಅಂದ. ಆ ಕೆಲವು ವಾರಗಳಲ್ಲಿ ನನಗೆ ಅವನ ಮನೆಯ ಮೇಲೆ, ಗಾಡಿಯ ಮೇಲೆ, ಬಡ್ತಿಯ ಮೇಲೆ ಕರುಬು ಬರಲಿಲ್ಲ. ಅವನು ಏಕವಚನದಲ್ಲಿ ಕರೆಯುವ ಪ್ರತಿಯೊಬ್ಬರ ಮೇಲೂ ಬಂತು. ಆಫೀಸಿನ ಚಹಾದವನ ಮೇಲೂ ಬಂತು.

ಜನವರಿಯಲ್ಲಿ ಉತ್ತರಾಯಣದ ಗಾಳಿಪಟದ ಗದ್ದಲ ಮುಗಿದು, ತಂತಿಗಳ ಮೇಲೆ, ಗಿಡಗಳ ಮೇಲೆ ಹರಿದ ಪಟಗಳು ನೇತಾಡುತ್ತಿದ್ದ ಒಂದು ಭಾನುವಾರ. ಬೆಳಿಗ್ಗೆ ಕೆಳಗಿನಿಂದ ಹಾರ್ನ್ ಕೇಳಿತು. ಮಗಳು ಕಿಟಕಿಗೆ ಓಡಿ, “ವಸಂತಕಾಕಾ ಆವ್ಯಾ, ಬಂದ್ರು!” ಎಂದು ಕುಣಿದಳು. ಇಳಿದು ಹೋದೆ. ವಸಂತ ಗಾಡಿಯ ಮೇಲೆ ಕೂತಿದ್ದ, ಜೋಳಿಗೆ ಇರಲಿಲ್ಲ, ಎರಡೂ ಕಾಲು ನೆಲದ ಮೇಲೆ.

“ಬರ್ರಿ ಶಾಮರಾವ್, ಹಿಂದ ಕೂಡ್ರಿ,” ಅಂದ. ಎಲ್ಲಿಗೆ ಎಂದು ಕೇಳುವ ಧೈರ್ಯವಾಗಲಿಲ್ಲ. ಹತ್ತಿ ಕೂತೆ.

ಸರಖೇಜ್ ದಾಟಿ ಊರ ಹೊರಗೆ ಬಂದೆವು. ಬಾವಳಾದ ಕಡೆಯ ರಸ್ತೆ, ನೇರ, ಖಾಲಿ, ಎರಡೂ ಕಡೆ ಕೊಯ್ದ ಭತ್ತದ ಗದ್ದೆ. ಅವನ ಅಗಲವಾದ ಬೆನ್ನು ಅಡ್ಡ. ನನಗೆ ಸ್ಪೀಡೋಮೀಟರು ಕಾಣುತ್ತಿರಲಿಲ್ಲ, ಮುಂದಿನ ರಸ್ತೆಯೂ ಕಾಣುತ್ತಿರಲಿಲ್ಲ. ಒಮ್ಮೆಗೇ ಎಂಜಿನ್ನಿನ ದನಿ ಏರಿತು. ನಾನು ಅವನ ಜಾಕೀಟು ಹಿಡಿದುಕೊಂಡೆ.

“ಐವತ್ತು!” ಎಂದು ಗಾಳಿಗೆ ಕೂಗಿದ. ಸ್ವಲ್ಪ ಹೊತ್ತಿಗೆ, “ಅರವತ್ತು!”

ನಡುಕ ನಿಂತಿತು. ಹಾಡು ಶುರುವಾಯಿತು. ಅವನ ಬೆನ್ನು ನೆಟ್ಟಗಾದದ್ದು ನನಗೆ ಗೊತ್ತಾಯಿತು, ಅವನಿಗೂ ಕೇಳಿಸಿತು ಎಂದು ಗೊತ್ತಾಯಿತು.

“ಎಪ್ಪತ್ತು!”

ಆಮೇಲೆ ಅವನು ಸುಮ್ಮನಾದ. ಎಪ್ಪತ್ತೆರಡು ಬಂದಿರಬೇಕು. ಗಾಳಿ ನನ್ನ ಕಿವಿಯೊಳಗೆ ಬೋರೆಂದು ಸುರಿಯುತ್ತಿತ್ತು. ಇಬ್ಬರ ಭಾರ ಹೊತ್ತ ಆ ಸಣ್ಣ ಎಂಜಿನ್ನು ಹಲ್ಲು ಕಚ್ಚಿ ಎಳೆಯಿತು. ಇನ್ನು ಏರಲಾರದು ಅಂದುಕೊಂಡೆ. ಏರಬಾರದು ಎಂದೂ ಅಂದುಕೊಂಡೆನೋ ಏನೋ. ಅಷ್ಟರಲ್ಲಿ ರಸ್ತೆ ಸ್ವಲ್ಪ ಇಳಿಜಾರಾಯಿತು. ವಸಂತ ಟ್ಯಾಂಕಿನ ಮೇಲೆ ಬಗ್ಗಿದ.

“ಎಂಬತ್ತು!” ಎಂದು ಅರಚಿದ. ದನಿ ಒಡೆದುಹೋಗಿತ್ತು, ಶಾಲೆಯ ಮೈದಾನದಲ್ಲಿ ಕೂಗುವ ಹುಡುಗನ ದನಿಯಂತೆ. “ಎಂಬತ್ತಲೇ! ಲೇ ಶಾಮ್ಯಾ, ಎಂಬತ್ತು! ಕೇಳಿಸ್ತೇನಲೇ, ಎಂಬತ್ತು!”

ಕೇಳಿಸಿತು. ಆ ‘ಲೇ’ಯೂ ಕೇಳಿಸಿತು. ನನಗಿಂತ ಎಂಟು ಕಿಲೋಮೀಟರ್ ಹೆಚ್ಚು. ನನ್ನ ಹೊಟ್ಟೆಯೊಳಗೆ ಧಗ್ಗೆಂದು ಹೊತ್ತಿಕೊಂಡಿತು. ಅದು ಅಷ್ಟು ಹಿತವಾಗಿ ಹಿಂದೆ ಎಂದೂ ಉರಿದಿರಲಿಲ್ಲ.